ಮಜಕೂರ ಹಮೀದ

ಕಮಲಾಪುರದಿಂದ ಕಲಬುರಗಿಯ ಕೋರ್ಟಿಗೆ ತಿರುಗಿ ತಿರುಗಿ, ಚರ್ಚಿನ ಉಪದೇಶಿ ತುಕಾರಾಮನ ಚಪ್ಪಲಿಗಿಂತ ಮೊದಲು ಮನಸ್ಸು ಸವೆದಿತ್ತು. ಪೊಲೀಸ್ ಕಾರ್ಯಾಚರಣೆ ಮುಗಿದು ವರ್ಷವಾಗುತ್ತ ಬಂದಿದ್ದರೂ, ರಜಾಕಾರರ ಗದ್ದಲದಲ್ಲಿ ಗೌಡರ ಬಣವೆಗೆ ಬೆಂಕಿಯಿಟ್ಟನೆಂದು ಟಾಂಗಾದ ಹಮೀದ ಇನ್ನೂ ಜೈಲಿನಲ್ಲಿದ್ದ. ಬೆಂಕಿ ಬಿದ್ದ ಹೊತ್ತಿಗೆ ಅವನು ಚರ್ಚಿನ ಅಂಗಳದಲ್ಲಿದ್ದುದನ್ನು ನೋಡಿದವರು ಉಪದೇಶಿ, ಕಾಯಿಪಲ್ಯದ ಅಂಬಮ್ಮ ಮತ್ತು ಸೂಲಗಿತ್ತಿ ಪುತಳಾಬಾಯಿ.

ಕೋರ್ಟಿನ ಕಟ್ಟೆಯ ಮೇಲೆ ಹಮೀದನ ವಕೀಲ ಬುರ್ಹಾನುದ್ದೀನ್ ತಲೆ ಹಿಡಿದು ಕೂತಿದ್ದ.

"ಪಾದ್ರಿಸಾಬ್, ಈ ಹೆಣ್ಮಕ್ಕಳು ನಮ್ಮನ್ನ ಮುಳುಗಸ್ತಾರ. ಒಬ್ಬಾಕಿ ಅವ ಗಾಲಿ ರಿಪೇರಿ ಮಾಡಾಕತ್ತಿದ್ದ ಅಂತಾಳ, ಇನ್ನೊಬ್ಬಾಕಿ ರೊಟ್ಟಿ ತಿನ್ನಾಕತ್ತಿದ್ದ ಅಂತಾಳ. ನೀವ ಕುಂದ್ರಿಸಿ ಒಂದ ಮಾತು ಕಲಿಸ್ರಿ."

"ಅವನ ಬಾಯಾಗ ರೊಟ್ಟಿ ಇತ್ತಪಾ, ನಾ ಏನ ಮಾಡ್ಲಿ?" ಎಂದಳು ಪಕ್ಕದಲ್ಲೇ ಕೂತಿದ್ದ ಪುತಳಾಬಾಯಿ.

"ನಿನ್ನ ಕಣ್ಣಿಗೆ ಯಾವಾಗ್ಲೂ ರೊಟ್ಟೀನ ಕಾಣ್ತದ ಬಿಡು," ಎಂದಳು ಅಂಬಮ್ಮ.

ಉಪದೇಶಿ ನಿಟ್ಟುಸಿರುಬಿಟ್ಟ. ಸಂತೆಯಲ್ಲಿ ಸುವಾರ್ತೆ ಸಾರಲು ನಿಂತಾಗಲೆಲ್ಲ ಯಾವನಾದರೊಬ್ಬ ಜಾಣ ಕೇಳುತ್ತಿದ್ದ: "ನಿಮ್ಮ ಸ್ವಾಮಿ ಸತ್ತು ಎದ್ದ ದಿನ ಗೋರಿ ಹತ್ರ ದೂತ ಒಬ್ಬಾವ ಇದ್ನೋ, ಇಬ್ರಿದ್ರೋ? ಸುವಾರ್ತಿ ಬರದ ನಿಮ್ಮವರೊಳಗ ಒಬ್ಬ ಒಂದ ಬರದಾನ, ಇನ್ನೊಬ್ಬ ಇನ್ನೊಂದ!" ಮಿಷನ್ನಿನವರು ಕಲಿಸಿದ ಉತ್ತರ ಒಪ್ಪಿಸಿ ಮನೆಗೆ ಬಂದರೆ ಅನ್ನ ಸೇರುತ್ತಿರಲಿಲ್ಲ. ಅಂದೇ ಯಾರಾದರೂ ಆ ಬರೆದವರನ್ನೆಲ್ಲ ಕೂಡಿಸಿ ಒಂದೇ ಮಾತು ಮಾಡಿಸಬಾರದಿತ್ತೆ ಎಂದು ಒಳಗೊಳಗೇ ಗೊಣಗಿದ್ದುಂಟು. ಈಗ ಆ ಕೆಲಸವೇ ತನ್ನ ಮುಂದೆ ಬಂದು ಕೂತಿತ್ತು. ಕಲಿಸಿದರೆ ಇವರು ನೋಡಿದ್ದು ಹೋಗಿ, ತಾನು ಹೇಳಿದ್ದಷ್ಟೇ ಉಳಿಯುತ್ತದೆ.

"ಆಗಂಗಿಲ್ರಿ, ವಕೀಲ ಸಾಹೇಬ್ರ."

"ಅವನಿಗೆ ಸಜಾ ಆದ್ರ?"

"ಆ ಪಾಪ ನನ್ನ ತಲಿಮ್ಯಾಲ."

ಒಳಗೆ ಗೌಡರ ಕಡೆಯ ಸಾಕ್ಷಿ ಯಂಕಪ್ಪ ನಿಂತು, "ಮಜಕೂರ ಹಮೀದ ಕಡ್ಡಿ ಗೀರಿ ಬಣವಿಗೆ ಹಚ್ಚಿದ್ದು ಕಣ್ಣಾರೆ ನೋಡೀನ್ರಿ," ಎಂದ. ಅವನ ಹಿಂದೆ ಬಂದ ಮಾಪಣ್ಣನೂ ಅದನ್ನೇ ಹೇಳಿದ, ಒಂದಕ್ಷರ ಆಚೀಚೆ ಆಗದ ಹಾಗೆ. ಜಡ್ಜ್ ಸಾಹೇಬರು ಲೇಖನಿ ಕೆಳಗಿಟ್ಟರು. ಮಜಕೂರ ಎಂದರೆ ಕಚೇರಿಯ ಉರ್ದುವಿನಲ್ಲಿ ‘ಮೇಲೆ ಹೇಳಿದ’ ಎಂದರ್ಥ. ಕಾಗದದಲ್ಲಿ ಬರೆಯುವ ಮಾತು, ಹೊಲದಲ್ಲಿ ಆಡುವುದಲ್ಲ.

"ಮಜಕೂರ ಅಂದ್ರ ಏನಪಾ?"

"ಅವ್ರ ಮನಿತನದ ಹೆಸರ್ರೀ ಸರಕಾರ. ತಾಯಿ ಕಡೀದು."

"ಏ, ಅಪ್ಪನ ಕಡೀದಲೇ!" ಎಂದು ಯಂಕಪ್ಪ ಹಿಂದಿನಿಂದ ತಿದ್ದಿದ.

ಕೋರ್ಟು ನಕ್ಕಿತು. ಆಮೇಲೆ ಅಂಬಮ್ಮ ತನ್ನ ಗಾಲಿಯನ್ನೂ ಪುತಳಾಬಾಯಿ ತನ್ನ ರೊಟ್ಟಿಯನ್ನೂ ಬಿಟ್ಟುಕೊಡದೆ ಹೇಳಿ ಇಳಿದರು. ಕೊನೆಗೆ ನಿಂತ ಉಪದೇಶಿಯನ್ನು ಜಡ್ಜ್ ಸಾಹೇಬರು ಕೇಳಿದರು: "ಇವರಿಬ್ರ ಮಾತು ಕೂಡಂಗಿಲ್ಲಲ್ಲ?"

"ಕೂಡಂಗಿಲ್ರಿ. ಇಬ್ರೂ ಅಲ್ಲಿದ್ರು, ಅದಕ್ಕ ಕೂಡಂಗಿಲ್ಲ. ಅವ ಅಂಗಳದಾಗಿದ್ದ ಅನ್ನೂದರಾಗ ಮಾತ್ರ ಇಬ್ರೂ ಬಿಡಂಗಿಲ್ಲ. ಕೂಡಸ್ರಿ ಅಂದಿದ್ರು. ನಾ ಕೂಡಸಲಿಲ್ಲ."

ವಕೀಲ ಮುಖ ಮುಚ್ಚಿಕೊಂಡ. ಹೇಳಿ ಮುಗಿಸಿದ ಉಪದೇಶಿಗೆ, ಸ್ವಾಮಿ ಎದ್ದ ಸುದ್ದಿ ಹೇಳಲು ಗೋರಿಯಿಂದ ಏದುಸಿರು ಬಿಡುತ್ತ ಓಡಿಬಂದ ಸುವಾರ್ತೆಯ ಆ ಹೆಂಗಸರು ಕಂಡಂತಾಯಿತು. ಅವರ ಮಾತನ್ನೂ ಯಾರೂ ಕೂಡಿಸಿರಲಿಲ್ಲ. ಹೆಂಗಸರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಟ್ಟ ಆ ಜನರ ಮೇಲೆ ಅವನಿಗೆ ಮೊದಲ ಸಲ ನಂಬಿಕೆ ಬಂತು.

ಹಮೀದನ ಬಿಡುಗಡೆಯಾಯಿತು. ಹೊರಗೆ ಬಂದವನೇ ಹೆಂಗಸರಿಬ್ಬರಿಗೂ ಕೈಮುಗಿದ.

"ಆದ್ರ ಅವ್ವಾ, ರೊಟ್ಟಿ ಎಲ್ಲಿತ್ತು, ಗಾಲಿ ಎಲ್ಲಿತ್ತು? ನಾ ಕುದ್ರಿಗೆ ನೀರ ಕುಡಸಾಕತ್ತಿದ್ದೆ."

ಇಬ್ಬರೂ ಒಟ್ಟಿಗೇ ಅವನ ಮೇಲೆ ಬಿದ್ದರು: "ನಿನಗೇನ ಗೊತ್ತೋ? ನೋಡಿದವರು ನಾವು!"

ಉಪದೇಶಿ ಯಾರನ್ನೂ ತಿದ್ದಲು ಹೋಗಲಿಲ್ಲ.