ಹದಿನೆಂಟು ಮೊಳದ ಸೀರೆ

ಆ ದಿನ ಒಗೆಯುವ ಕಲ್ಲಿನ ಹತ್ತಿರ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆದರೆ ಲಾಲಮ್ಮನ ಬಾಯಿ ಯಾವತ್ತೂ ಅವಳ ಹಿಡಿತದಲ್ಲಿ ಇದ್ದದ್ದಲ್ಲ. ಸಿಟ್ಟು ಬಂದಾಗಲಂತೂ ಕೇಳುವುದೇ ಬೇಡ.

ಹುಣಸಗಿಯ ಚಂದ್ರಾಮಪ್ಪನ ಮನೆಯಲ್ಲಿ ಅವಳು ಆರು ವರ್ಷದಿಂದ ಕೆಲಸಕ್ಕಿದ್ದಳು. ಕೆಲಸವೆಲ್ಲ ಅವನ ತಾಯಿ ಅಯ್ಯಮ್ಮನದು. ಮುದುಕಿಯ ಸೀರೆ ಒಗೆಯಬೇಕು, ಕೋಣೆಯ ಕಸ ಹೊಡೆದು ಒರೆಸಬೇಕು, ಹಾಸಿಗೆ ಬಿಸಿಲಿಗೆ ಹಾಕಬೇಕು, ಕೌದಿ ಕೊಡವಬೇಕು. ಲಾಲಮ್ಮ ಕೇರಿಯವಳು. ಅವಳ ಮನೆಯ ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಪಕ್ಕಪಕ್ಕದಲ್ಲಿದ್ದಾರೆ. ಹಾಗಾಗಿ ಚಂದ್ರಾಮಪ್ಪನ ಅಡುಗೆಮನೆಯ ಹೊಸ್ತಿಲು ಅವಳು ದಾಟುವಂತಿಲ್ಲ. ಅಯ್ಯಮ್ಮನ ಮಂಚದ ಪಕ್ಕ ಕುಡಿಯುವ ನೀರಿನ ಹಿತ್ತಾಳೆ ತಂಬಿಗೆ ಇರುತ್ತದೆ, ಅದನ್ನು ಮುಟ್ಟುವಂತಿಲ್ಲ.

ಅಷ್ಟೇ ಆಗಿದ್ದರೆ ಲಾಲಮ್ಮ ನುಂಗಿಕೊಳ್ಳುತ್ತಿದ್ದಳೇನೋ. ಒಣಗಿದ ಸೀರೆಯನ್ನು ಅವಳು ಮಡಚಿ ಮಂಚದ ಮೇಲೆ ಇಟ್ಟ ಕೂಡಲೇ ಅಯ್ಯಮ್ಮ ತಂಬಿಗೆಯಲ್ಲಿ ಬೆರಳು ಅದ್ದಿ ಅದರ ಮೇಲೆ ನಾಲ್ಕು ಹನಿ ಚಿಮುಕಿಸುತ್ತಿದ್ದಳು. ಆಮೇಲೆಯೇ ಅದನ್ನು ಕೈಗೆತ್ತಿಕೊಳ್ಳುವುದು. ಕೆನಾಲಿನ ಹರಿಯುವ ನೀರಿನಲ್ಲಿ ಮೂರು ಮೂರು ಸಲ ಜಾಲಾಡಿದ ಸೀರೆ ಸ್ವಚ್ಛ ಅಲ್ಲವಂತೆ, ಆ ನಾಲ್ಕು ಹನಿ ಬಿದ್ದರೆ ಸ್ವಚ್ಛವಂತೆ! ಮುದುಕಿ ಕೆಟ್ಟವಳೂ ಅಲ್ಲ, ಅದೇ ಇನ್ನೂ ಉರಿ. ಲಾಲಮ್ಮನಿಗೆ ಜ್ವರ ಬಂದರೆ ಕಷಾಯ ಕಾಸಿಸಿ ಕೊಡುತ್ತಿದ್ದಳು. ಕೊಡುವಾಗ ಮಾತ್ರ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದಳು.

ಕೆನಾಲಿಗೆ ನೀರು ಬಿಟ್ಟಿರುವಷ್ಟು ದಿನ ಒಗೆತ ಹಗುರ. ಸೀರೆಯ ಒಂದು ತುದಿ ಹಿಡಿದು ಉಳಿದದ್ದನ್ನು ನೀರಿಗೆ ಬಿಟ್ಟರೆ ಅರ್ಧ ಕೆಲಸವನ್ನು ನೀರೇ ಮಾಡುತ್ತದೆ. ಬೇಸಿಗೆಯಲ್ಲಿ ಗೇಟು ಇಳಿಸಿದ ಮೇಲೆ ಹಿತ್ತಲಿನ ಬೋರಿನ ನೀರೇ ಗತಿ. ಅದು ಸವಳು, ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಹದಿನೆಂಟು ಮೊಳದ ಇಳಕಲ್ ಸೀರೆಯನ್ನು ಒಬ್ಬಳೇ ಹಿಂಡಬೇಕೆಂದರೆ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದು ತುದಿಯಿಂದ ತಿರುಚಬೇಕು. ಅವತ್ತು ಹಾಗೆ ಹಿಂಡಿ, ಒಣಗಿಸಿ, ಮಡಚಿ ಇಟ್ಟಿದ್ದಕ್ಕೆ ಮತ್ತೆ ಅವೇ ನಾಲ್ಕು ಹನಿ. ಲಾಲಮ್ಮ ಉರಿದುಕೊಂಡು ಹಿತ್ತಲಿಗೆ ಬಂದಳು. ಚಂದ್ರಾಮಪ್ಪನ ಹೆಂಡತಿ ರೇಣಮ್ಮ ಅಲ್ಲೇ ಮೆಣಸಿನಕಾಯಿ ಹರಡುತ್ತಿದ್ದಳು.

"ಈ ಸೀರಿ ಹಿಂಡಿ ಹಿಂಡಿ ನನ್ನ ರಟ್ಟಿ ಮುರದು ಹೋಗ್ಯಾವ್ರೀ ಅಕ್ಕೋರ. ಕ್ವಾಣಿ ಬಿಟ್ಟು ಹೊರಗ ಬರದ ಮುದುಕಿಗೆ ಹದಿನೆಂಟು ಮೊಳ ಯಾಕ? ಎರಡು ನೈಟಿ ತಂದು ಹಾಕಿದ್ರ ಆಗಲ್ಲೇನು?"

ಸಿಟ್ಟಿನಲ್ಲಿ ಆಡಿದ ಮಾತು. ರೇಣಮ್ಮ ನಕ್ಕಳು, ಲಾಲಮ್ಮನೂ ನಕ್ಕು ಮನೆಗೆ ಹೋದಳು. ಮೂರು ದಿನ ಗೋಗಿಯಲ್ಲಿ ತಂಗಿಯ ಮನೆಯಲ್ಲಿ ಕಾರ್ಯವಿತ್ತು, ಅದನ್ನು ಮುಗಿಸಿಕೊಂಡು ಕೆಲಸಕ್ಕೆ ಬಂದಳು.

ಒಗೆಯುವ ಕಲ್ಲಿನ ಮೇಲೆ ಫಳಫಳ ಹೊಳೆಯುವ ಹೊಸ ಸ್ಟೀಲ್ ಬಕೆಟ್ ಇತ್ತು.

"ನಿನಗ ತಗೊಂಡೀನಿ," ಎಂದಳು ರೇಣಮ್ಮ, ಮುಖದ ತುಂಬ ನಗು. "ಹಳಿ ಸೀರಿಗೆ ಬಾಂಡೆ ಕೊಡೋಕಿ ಬಂದಿದ್ಲು ನೋಡು. ಅತ್ತಿದು ಆರು ಸೀರಿ ಹಾಕಿದೆ, ಬಕೆಟ್ ಕೊಟ್ಲು. ಇನ್ನ ಎರಡ ನೈಟಿ ತೊಳಿಯೋದು, ರಟ್ಟಿ ನೋವಿಲ್ಲ ಏನಿಲ್ಲ."

ಲಾಲಮ್ಮ ತಿರುಗಿ ಸೀರೆ ಒಣಹಾಕುವ ಹಗ್ಗ ನೋಡಿದಳು.

"ಆರೂ ಹಾಕಿದ್ರಿ? ಉಡಾಕ ಒಂದರ ಇಟ್ಟೀರೇನು?"

"ಇಟ್ರ ಅದನ್ನೇ ಉಡ್ತೀನಿ ಅಂತ ಹಟ ಹಿಡಿತಾಳ. ನೈಟಿ ಹಾಕಿದ್ರ ಏನಾಗ್ತದ ಅಂತ ನೀನ ಅಂದಿಯಲ್ಲ?"

"ಬಾಂಡೆದಾಕಿ ಎಲ್ಲಿ?"

"ನಿನ್ನೆ ಸುರಪುರದ ಬಸ್ ಹತ್ತಿ ಹೋದ್ಲು."

ನಾನೇ ಅಂದೆ. ಹೌದು, ನಾನೇ ಅಂದೆ. ಈ ನಾಲಿಗೆಯೇ ಅಂದದ್ದು. ಲಾಲಮ್ಮನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಅದು ಆಗದೆ ಬಕೆಟ್ ಎತ್ತಿ ಕಲ್ಲಿನ ಮೇಲೆ ಕುಕ್ಕಿದಳು. ಹೊಸ ಬಕೆಟಿನ ಹೊಟ್ಟೆ ಒಳಗೆ ಹೋಯಿತು. ರೇಣಮ್ಮ ಕೂಗುತ್ತಿದ್ದ ಹಾಗೆಯೇ ಅವಳು ಅಯ್ಯಮ್ಮನ ಕೋಣೆಗೆ ನಡೆದಳು.

ಮುದುಕಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮೇ ತಿಂಗಳ ಆ ಕಾವಿನಲ್ಲಿ ತಲೆಯ ಮೇಲಿಂದ ಕೌದಿ ಹೊದ್ದುಕೊಂಡಿದ್ದಳು. ಕೆಳಗೆ ಕೆಂಪು ಹೂವಿನ ನೈಟಿಯ ಅಂಚು, ಅದರ ಕೆಳಗೆ ಎರಡು ಕಾಲು. ಆರು ವರ್ಷದಲ್ಲಿ ಲಾಲಮ್ಮ ಆ ಕಾಲಿನ ಮೀನಖಂಡ ನೋಡಿರಲಿಲ್ಲ. ತಟ್ಟೆಯಲ್ಲಿ ನಿನ್ನೆಯ ರೊಟ್ಟಿ ಸೆಟೆದು ಬಿದ್ದಿತ್ತು. ತಂಬಿಗೆ ತುಂಬಿದ್ದದ್ದು ತುಂಬಿದ ಹಾಗೇ ಇತ್ತು.

"ಅವ್ವಾರ, ನೀರರ ಕುಡೀಬಾರದೇನ್ರಿ?"

"ಕುಡದ್ರ ಹಿತ್ತಲಕ ಹೋಗಬೇಕಾಗ್ತದ," ಎಂದಳು ಅಯ್ಯಮ್ಮ ಗೋಡೆಗೇ. "ಪಡಸಾಲ್ಯಾಗ ಮಗನ ಕೂಡ ಮಂದಿ ಕುಂತಿರ್ತಾರ. ಸೆರಗಿಲ್ಲ ನನಗ. ಸೆರಗಿಲ್ದ ಹೆಂಗ ಹಾಯಲಿ?"

ಪಡಸಾಲೆಯಲ್ಲಿ ಚಂದ್ರಾಮಪ್ಪ ಇಬ್ಬರು ನೆಂಟರ ಜೊತೆ ಚಹಾ ಕುಡಿಯುತ್ತಿದ್ದ. ಅವ್ವ ನಿನ್ನೆಯಿಂದ ಕೋಣೆ ಬಿಟ್ಟು ಎದ್ದಿಲ್ಲ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಲಾಲಮ್ಮ ಎದುರಿಗೆ ಹೋಗಿ ನಿಂತಳು.

"ಅಣ್ಣಾರ, ನಿಮ್ಮವ್ವ ನಿನ್ನೆಯಿಂದ ನೀರು ಕುಡದಿಲ್ಲ."

"ಹಟ ಬಿಡು ಅದು. ನೈಟಿ ಎರಡು ದಿನಕ ರೂಢಿ ಆಗ್ತದ. ಮನಿಯಾಗ ಯಾರು ನೋಡ್ತಾರ?"

"ನಿಮಗ ಧೋತರ ಬಿಡಿಸಿ ಚಡ್ಡಿ ಹಾಕಿ ಇಲ್ಲಿ ಕುಂದರಸ್ತೀನಿ, ಯಾರು ನೋಡ್ತಾರ ಅಂತ ಆಮ್ಯಾಗ ಕೇಳ್ತೀನಿ!"

ನೆಂಟರ ಚಹಾದ ಕಪ್ಪುಗಳು ಬಾಯಿಯ ಹತ್ತಿರವೇ ನಿಂತವು. ಚಂದ್ರಾಮಪ್ಪ ಏಳುವಷ್ಟರಲ್ಲಿ ಲಾಲಮ್ಮ ಅಂಗಳ ದಾಟಿದ್ದಳು. ಕೆಲಸ ಹೋಯಿತು ಅಂತ ಅವಳಿಗೆ ಗೊತ್ತಿತ್ತು. ಹೋದರೆ ಹೋಗಲಿ, ಮುದುಕಿ ಬಾಯಿ ಒಣಗಿ ಸಾಯಬಾರದು.

ಕೇರಿಯ ಮನೆಯಲ್ಲಿ ಹಗ್ಗದ ಮೇಲೆ ಅವಳದೇ ಒಂದು ಸೀರೆ ಒಣಗಿತ್ತು. ನೀಲಿ ನೂಲಿನದು, ಬುದ್ಧ ಪೂರ್ಣಿಮೆಗೆ ವಿಹಾರಕ್ಕೆ ಉಟ್ಟದ್ದು. ಮುದುಕಿಯ ಸೀರೆಯಷ್ಟು ಉದ್ದವಿಲ್ಲ, ಆದರೆ ತಲೆಗೆ ಸೆರಗು ಬರುತ್ತದೆ. ಅದನ್ನು ಬಗಲಲ್ಲಿ ಹಿಡಿದು ಹಿತ್ತಲ ಬಾಗಿಲಿನಿಂದ ವಾಪಸ್ ಬಂದು, ಕೂಗಿದ ಚಂದ್ರಾಮಪ್ಪನ ಕಡೆ ತಿರುಗಿಯೂ ನೋಡದೆ ಪಡಸಾಲೆ ದಾಟಿದಳು. ಸೀರೆಯನ್ನು ಅಯ್ಯಮ್ಮನ ಮಂಚದ ಮೇಲೆ ಇಟ್ಟಳು.

"ಇದು ನಂದು. ನಾ ಉಟ್ಟದ್ದು. ಆ ನೈಟಿ ಮಾತೂ ನಂದ ಅವ್ವಾರ. ರೇಣಕ್ಕಗ ನಾನ ಹೇಳಿದ್ದು."

"ಗೊತ್ತದ. ಅವತ್ತ ಕಿಡಕ್ಯಾಗ ಕೇಳೀನಿ."

"ಕೇಳಿದ್ರ ನನಗ್ಯಾಕ ಬೈಲಿಲ್ಲ? ಕರದು ಒಂದು ಮಾತು ಯಾಕ ಅನ್ನಲಿಲ್ಲ?"

ಅಯ್ಯಮ್ಮ ಮೊದಲ ಸಲ ಗೋಡೆಯ ಕಡೆಯಿಂದ ಈ ಕಡೆ ತಿರುಗಿದಳು. ತುಟಿ ಒಡೆದು ಬೆಳ್ಳಗಾಗಿತ್ತು.

"ನಾ ನೀರು ಚಿಮುಕಿಸಿದಾಗೆಲ್ಲ ನಿನ್ನ ಮಾರಿ ನೋಡ್ತಿದ್ದೆ. ಆರು ವರ್ಷ ನೀ ಏನರ ಅಂದಿಯೇನು?"

ಲಾಲಮ್ಮನಿಗೆ ಮೈಯೆಲ್ಲ ಉರಿಯಿತು. ಹಾಗಾದರೆ ಗೊತ್ತಿತ್ತು ಈ ಮುದುಕಿಗೆ. ನೋಯುತ್ತದೆ ಅಂತ ಗೊತ್ತಿದ್ದೂ ಚಿಮುಕಿಸಿದ್ದಳು. ಕಾಲ ಕೆಟ್ಟಾಗ ಕೂಡ ಕೈ ಹಳೆಯ ಚಾಳಿ ಬಿಡುವುದಿಲ್ಲ ನೋಡಿ, ಮಾತು ಮುಗಿಸಿ ಅಯ್ಯಮ್ಮನ ಕೈ ತಂಬಿಗೆಯ ಕಡೆಗೇ ಹೋಯಿತು.

"ಚಿಮುಕಸ್ರಿ ಮತ್ತ," ಎಂದಳು ಲಾಲಮ್ಮ. "ಒಂದು ಹನಿ ಬಿದ್ರ ಸಾಕು, ಈ ಸೀರಿ ತಗೊಂಡು ಹೋಗತೀನಿ. ನೀವು ಹಿಂಗ ಕುಂದರ್ರಿ."

ಅಯ್ಯಮ್ಮ ತಂಬಿಗೆ ಎತ್ತಿದಳು. ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಕಚ್ಚಿಕೊಂಡು ಗಟಗಟ ಕುಡಿದಳು. ನಡುವೆ ಉಸಿರಿಗೆ ನಿಂತು ಮತ್ತೆ ಕುಡಿದಳು. ಕೊನೆಯ ಗುಟುಕಿನವರೆಗೂ ಕುಡಿದು, ಖಾಲಿ ತಂಬಿಗೆಯನ್ನು ಲಾಲಮ್ಮನ ಕೈಗೆ ಕೊಟ್ಟಳು.

"ಉಡಸು ಮೊದಲ. ಆಮ್ಯಾಗ ಇನ್ನೊಂದು ತಂಬಿಗಿ ತಾ."

ಲಾಲಮ್ಮ ಉಡಿಸಿದಳು. ಸಿಟ್ಟು ಇಳಿದಿರಲಿಲ್ಲ, ಗಂಟನ್ನು ಬೇಕಂತಲೇ ಬಿಗಿಯಾಗಿ ಕಟ್ಟಿದಳು. ಮುದುಕಿ ಹಾ ಅಂದಳೇ ಹೊರತು ಬೇರೇನೂ ಅನ್ನಲಿಲ್ಲ. ತಲೆಯ ಮೇಲೆ ನೀಲಿ ಸೆರಗು ಹೊದ್ದು, ಗೋಡೆ ಹಿಡಿದುಕೊಂಡು, ಪಡಸಾಲೆಯಲ್ಲಿ ಮಗನ ಎದುರಿನಿಂದಲೇ ಹಾದು ಹಿತ್ತಲಿಗೆ ಹೋದಳು.

ಲಾಲಮ್ಮ ತಂಬಿಗೆ ಹಿಡಿದು ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದಳು. ಒಳಗಿದ್ದ ರೇಣಮ್ಮ ಒಲೆ ಬಿಟ್ಟು ಎದ್ದು ನಿಂತಳು.

"ಏ, ಎಲ್ಲಿಗೆ ಬರಾಕತ್ತಿ?"

"ನೀರಿಗೆ," ಎಂದು ಲಾಲಮ್ಮ ಹೊಸ್ತಿಲು ದಾಟಿ, ಕೊಡದ ಮುಚ್ಚಳ ತೆಗೆದಳು.