ಹಂದರಗಂಬಕ್ಕೆ ಕಟ್ಟಿದ ಕೊಳವೆ

ಗಂಟು ಸಡಿಲವಾಗುತ್ತಿಲ್ಲ, ಉಗುರು ಇಳಿಯುವಷ್ಟೂ ಜಾಗ ಬಿಟ್ಟಿಲ್ಲ ಯಶೋದಾ, ಕುರಿ ಕಟ್ಟುವವರ ಗಂಟು ಇದು, ಎಳೆದಷ್ಟೂ ಬಿಗಿಯುತ್ತದೆ, ಕಂಬದ ಸುತ್ತ ನಿನ್ನೆಯ ಮದುವೆಯ ಚೆಂಡುಹೂವು, ಬಾಡಿದ ಕಮಟು ವಾಸನೆ, ಅದರ ನಡುವೆ ಆಸ್ಪತ್ರೆಯ ಡ್ರಿಪ್ ಕೊಳವೆ, ಮೇಲೆ ತಲೆಕೆಳಗಾಗಿ ನೇತುಬಿದ್ದ ಬಾಟಲಿಯಲ್ಲಿ ಸೋಸಿದ ನಿಂಬೆರಸ, ಕೊಳವೆಯ ತುದಿಯಲ್ಲಿ ಒಂದು ಹನಿ, ಬೀಳುವುದಿಲ್ಲ, ದಪ್ಪಗಾಗುತ್ತದೆ, ನಿಲ್ಲುತ್ತದೆ. ಬೇಗ ಬಿಚ್ಚ್ರಿ ಕಲ್ಲೇಶ್, ಹಿಂದಿನಿಂದ ಪ್ರಿನ್ಸಿಪಾಲ್ ಮುರುಗಪ್ಪನವರ ದನಿ, ನಾಳೆ ಮದುವೆ ಐತೆ, ಹುಡುಗಿ ಕಡೇರು ಹಾಲ್ ನೋಡಾಕೆ ಬಂದಾರೆ, ಹಂದರಗಂಬಕ್ಕೆ ಗ್ಲೂಕೋಸ್ ಹಾಕಿರೋದು ಕಂಡ್ರೆ ಏನಂದ್ಕಂತಾರೆ, ಶುಭಕಾರ್ಯದ ಜಾಗದಾಗೆ. ಬಿಚ್ಚುತ್ತಿದ್ದೇನೆ ಸರ್, ಬಿಚ್ಚುತ್ತಿದ್ದೇನೆ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ., ಹೊಸದುರ್ಗದ ಕಲ್ಯಾಣ ಮಂಟಪದಲ್ಲಿ ಅಪಶಕುನ ಬಿಚ್ಚುವ ಹುದ್ದೆ, ಬೆನ್ನ ಹಿಂದೆ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿದೆ, ನಡೆಯುತ್ತಿದೆಯಂತೆ, ಚಿತ್ರದುರ್ಗದಿಂದ ಬಂದ ಪರೀಕ್ಷಕರು ಗುರುರಾಜ್ ಮದುಮಗನ ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಕುಳಿತಿದ್ದಾರೆ, ಮದುಮಗಳ ಕುರ್ಚಿಯಲ್ಲಿ ಅವರ ಬ್ಯಾಗು ಕುಳಿತಿದೆ, ತಲೆಯ ಮೇಲೆ ಥರ್ಮಕೋಲಿನ ಅಕ್ಷರಗಳಲ್ಲಿ ಮಲ್ಲೇಶ್ ವೆಡ್ಸ್ ದಾಕ್ಷಾಯಿಣಿ, ಒಂದು ಅಕ್ಷರ ಆಗಲೇ ಉದುರಿದೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ವೇದಿಕೆ ಹತ್ತುತ್ತಾರೆ, ಚಪ್ಪಲಿ ಬಿಟ್ಟು, ಆಶೀರ್ವಾದಕ್ಕೆ ಹತ್ತಿದ ಹಾಗೆ, ಒಂದು ಪ್ರಶ್ನೆ, ಉತ್ತರ ಬಂದರೂ ಸರಿ ಬಾರದಿದ್ದರೂ ಸರಿ, ನಲವತ್ತಕ್ಕೆ ಮೂವತ್ತೆಂಟು, ಇಳಿ. ಮೂವತ್ತೆಂಟೇ ಯಾಕೆ ಸರ್ ಅಂದರೆ, ನಲವತ್ತು ಕೊಟ್ಟರೆ ಅನುಮಾನ ಬರುತ್ತದೆ ಕಲ್ಲೇಶ್, ಅಂದಿದ್ದರು ಗುರುರಾಜ್, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, ಎರಡು ಮಾರ್ಕಿನಷ್ಟು ಪ್ರಾಮಾಣಿಕತೆ ಇಟ್ಟುಕೊಂಡ ಮನುಷ್ಯ.

ಪಾಠ ಒಂದು ದಿನವೂ ನಿಂತಿಲ್ಲ, ಇದು ಮುರುಗಪ್ಪನವರು ಎದುರು ಸಿಕ್ಕವರಿಗೆಲ್ಲ ಹೇಳುವ ಮಾತು, ಮಂಟಪದ ಬಾಗಿಲಿಗೆ ಬ್ಯಾನರೂ ಹಾಕಿಸಿದ್ದಾರೆ, ಅದರಲ್ಲಿ ಅವರ ಫೋಟೋ ಇದೆ, ಪಾಠದ್ದು ಇಲ್ಲ. ಮಳೆಗೆ ಕಾಲೇಜಿನ ಪಡಸಾಲೆಯ ತಾರಸಿ ಕುಸಿಯಿತು, ಭಾನುವಾರವಾದ್ದರಿಂದ ಯಾರೂ ಸಾಯಲಿಲ್ಲ, ಎಂಜಿನಿಯರ್ ಬಂದು ಗೋಡೆಗೆ ಕಿವಿಯಿಟ್ಟು ತಟ್ಟಿ ನೋಡಿದ, ಲ್ಯಾಬಿನ ಬಾಗಿಲಿಗೆ ಕೆಂಪು ಬಣ್ಣದ ಕತ್ತರಿಗುರುತು ಬಳಿದು ಬೀಗ ಹಾಕಿಸಿದ, ಹೋದವನು ಹೋದ, ಕಾಲೇಜು ಈ ಮಂಟಪಕ್ಕೆ ಬಂತು, ಈ ಸೆಮಿಸ್ಟರೇ ಮುಗಿಯಿತು. ಕಿಟಕಿಯ ಗಾಜಿನಿಂದ ನೋಡಿದರೆ ಬ್ಯುರೆಟ್ಟುಗಳು ಕಾಣುತ್ತವೆ, ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆಗಳು, ಸ್ಟ್ಯಾಂಡಿನಲ್ಲಿ ಸಾಲಾಗಿ, ಧೂಳು ಹೊದ್ದು, ಒಬ್ಬ ಒಳಗೆ ಹೋಗಿ ಒಂದು ಬುಟ್ಟಿಗೆ ತುಂಬಿಕೊಂಡು ಬಂದರೆ ಮುಗಿಯಿತು, ಆದರೆ ಹೋದವನ ತಲೆ ಮೇಲೆ ಗಾರೆ ಬಿದ್ದರೆ ಜವಾಬ್ದಾರಿ ಯಾರದು, ನನ್ನದಲ್ಲ, ಅಂದರು ಮುರುಗಪ್ಪ, ನಂದೂ ಅಲ್ಲ, ಅಂದ ಎಂಜಿನಿಯರ್ ಫೋನಿನಲ್ಲಿ, ನಾನು ಕಿಟಕಿಯಲ್ಲಿ ನಿಂತು ಬ್ಯುರೆಟ್ಟು ಎಣಿಸಿದೆ ಅಷ್ಟೆ, ಅತಿಥಿ ಉಪನ್ಯಾಸಕ, ಅತಿಥಿ ಹೆಚ್ಚು ಮಾತಾಡಬಾರದು. ಹೊಳಲ್ಕೆರೆ ಕಾಲೇಜಿನವರ ಲ್ಯಾಬು ಎರಡು ದಿನ ಕೇಳೋಣ ಸರ್ ಅಂದರೆ, ಅವ್ರ ಮುಂದೆ ಕೈಯೊಡ್ಡಾಕೆ ಆಗಲ್ಲ ಕಣ್ರಿ, ನಮ್ಮ ಕಾಲೇಜಿಗೆ ಒಂದು ಮರ್ಯಾದಿ ಐತೆ. ಆ ಮರ್ಯಾದೆಯನ್ನು ಊಟದ ಹಾಲಿನಲ್ಲಿ ಇಟ್ಟುಕೊಂಡು ಪಾಠ ಮಾಡಿದೆವು, ಮದುವೆ ಇಲ್ಲದ ದಿನ ವೇದಿಕೆಯ ಮುಂದೆ, ಮದುವೆ ಇದ್ದ ದಿನ ಎಲೆ ಹಾಸಿದ ಟೇಬಲ್ಲುಗಳ ನಡುವೆ, ನಾನು ಒಂದು ಹನಿಗೆ ಬಣ್ಣ ತಿರುಗುವ ಗಳಿಗೆಯೇ ಅಂತ್ಯಬಿಂದು ಅನ್ನುತ್ತೇನೆ, ಆಚೆಯಿಂದ ಯಾರೋ ಸಾರು ಸಾರು ಅನ್ನುತ್ತಾನೆ, ಬೋರ್ಡಿನ ಮೇಲೆ ಬ್ಯುರೆಟ್ ಬರೆದೆ, ಅವರೂ ಬರೆದುಕೊಂಡರು, ಹನುಮೇಶ್ ಅನ್ನುವ ಮಹಾಶಯ ನಲ್ಲಿಯನ್ನು ಮೇಲ್ಗಡೆ ಬರೆದಿದ್ದ, ಲೇ, ನಲ್ಲಿ ಕೆಳಗಿರಬೇಕಲ್ವೇನೋ, ಅಂದರೆ, ನಮ್ಮನಿ ಸಿಂಟೆಕ್ಸಿಗೆ ಮ್ಯಾಗೇ ಐತೆ ಸರ್, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗದೆ ಏನು ಮಾಡಲಿ, ಮೂರು ವರ್ಷದ ಪದವಿಯಲ್ಲಿ ಅವನು ಕಲಿತ ಮೊದಲ ತರ್ಕ ಅದು. ಇವತ್ತು ಅವನಿಗೂ ಮೂವತ್ತೆಂಟು. ಈಗಷ್ಟೇ ಇಳಿದ, ನನಗೆ ಕಣ್ಣು ಹೊಡೆದು ಹಿಂದಿನ ಸಾಲಿಗೆ ಹೋದ.

ಈ ಯಶೋದಾ ಒಬ್ಬಳು ಮಾತ್ರ ನಗಲಿಲ್ಲ ಆವತ್ತು. ಹಿರಿಯೂರಿನ ಕಡೆಯವಳು, ಅಪ್ಪ ಕರಿಸಿದ್ದಪ್ಪ ಕುರಿ ಕಾಯುತ್ತಾನೆ, ಹಾಸ್ಟೆಲಿನಲ್ಲಿದ್ದಾಳೆ, ಒಂದು ದಿನ ಊಟದ ಹಾಲಿನ ಹಿಂದೆ ಕೈತೊಳೆಯುವ ಜಾಗದಲ್ಲಿ ಬಗ್ಗಿ ಕೂತಿದ್ದಳು, ಮಂಟಪ ಗುಡಿಸುವ ಗಂಗಕ್ಕ ಆರತಿ ತಟ್ಟೆಯ ಕೆಂಪು ನೀರು ಚೆಲ್ಲಿದ್ದಾಳೆ, ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ಮಾಡಿದ ನೀರು, ಹೆಣ್ಣುಗಂಡಿಗೆ ದೃಷ್ಟಿ ತೆಗೆದದ್ದು, ಅದು ಹಿಂಡಿ ಎಸೆದ ನಿಂಬೆ ಹೋಳುಗಳ ಮೇಲೆ ಹರಿದು ಹಳದಿಯಾಗುತ್ತಿದೆ. ಸರ್, ಇದು ಆಮ್ಲ ತೋರ್ಸೋ ಇಂಡಿಕೇಟರ್ ಅಲ್ವ. ಹೌದಮ್ಮ, ಅಂದೆ, ನನಗೆ ಎಷ್ಟು ಬೇಸರವಾಗಿತ್ತೆಂದರೆ ಹೌದು ಅನ್ನುವುದಕ್ಕೂ ಬೇಸರ, ಹಂಗಾದ್ರೆ ನಾವು ಟೈಟ್ರೇಶನ್ ಮಾಡಬಹುದಲ್ಲ ಸರ್, ಬ್ಯುರೆಟ್ ಎಲ್ಲಿಂದ ತರ್ತೀಯ, ಅಂದೆ. ತಂದಳು. ಆಸ್ಪತ್ರೆಯಲ್ಲಿ ನರ್ಸನ್ನು ಕಾಡಿ ಹೊಸ ಡ್ರಿಪ್ ಸೆಟ್ಟು, ಹನಿ ಹನಿಯಾಗಿ ಬಿಡುವುದಕ್ಕೆ ಅದರಲ್ಲೊಂದು ಚಕ್ರ ಇರುತ್ತದೆ, ಹೆಬ್ಬೆರಳಿನಲ್ಲಿ ತಿರುಗಿಸುವುದು, ಈ ಕಂಬಕ್ಕೆ ಕಟ್ಟಿದಳು, ಕೆಳಗೆ ಗಂಗಕ್ಕನ ಸ್ಟೀಲ್ ಲೋಟ, ಅದರಲ್ಲಿ ಕೆಂಪು ನೀರು. ಏನವ್ವ ಇದು, ಕಂಬಕ್ಕೆ ಜ್ವರ ಬಂದೈತಾ, ಅಂದಳು ಗಂಗಕ್ಕ, ಅಂದವಳೇ ಮಾರನೆಯ ದಿನದ ಆರತಿ ನೀರನ್ನೂ ಎತ್ತಿಟ್ಟಳು. ಮೊದಲ ಸಲ ಸರಕ್ಕನೆ ಸುರಿದು ಹಳದಿಯಾಗಿ ಹಾಳಾಯಿತು, ಎರಡನೆಯದೂ ಹಾಳು, ಆಮೇಲೊಂದು ಸಂಜೆ ಅವಳ ಹೆಬ್ಬೆರಳು ಚಕ್ರದ ಮೇಲೆ, ತುದಿಯಲ್ಲಿ ಹನಿ, ದಪ್ಪಗಾಗುತ್ತದೆ, ನಿಲ್ಲುತ್ತದೆ, ಇಡೀ ಲೋಟ ಕೆಂಪು, ಹನಿ ಬಿತ್ತು, ಇಡೀ ಲೋಟ ಹಳದಿ, ಒಂದೇ ಹನಿ, ನಾನು ಓದಿದ್ದು ಏಳು ವರ್ಷ, ಈ ಕ್ಷಣವನ್ನು ನಾನು ಯಾವಾಗ ಕೊನೆಯ ಸಲ ನೋಡಿದ್ದೆ, ನೋಡಿದ್ದೆನಾ. ಬಬ್ಬೂರಿನಲ್ಲಿ ಮಣ್ಣು ಪರೀಕ್ಷೆ ಲ್ಯಾಬಿಗೆ ಜನ ತಗಂತಾರಂತೆ ಸರ್, ಅಂದಳು ಯಶೋದಾ, ಮಾರ್ಕ್ಸ್ ಕೇಳಲ್ಲಂತೆ, ಬ್ಯುರೆಟ್ ಕೈಗೆ ಕೊಟ್ಟು ಮಾಡು ಅಂತಾರಂತೆ, ಕೈ ನಡುಗಿದ್ರೆ ಮನೀಗ್ ಹೋಗು ಅಂತಾರಂತೆ. ಮುಂದಿನ ತಿಂಗಳು. ಪ್ರಾಕ್ಟಿಕಲ್ ದಿನ ಎಲ್ಲರ ಎದುರು ಒಂದು ಸಲ ಮಾಡಿದ್ರೆ ನಡುಕ ಹೋಗುತ್ತೆ ಸರ್, ಮಾಡುಸ್ತೀರಲ್ವ. ಮಾಡಿಸ್ತೀನಿ, ಅಂದೆ. ಹಾಗಂದಿದ್ದೆ, ಇವತ್ತು ಬೆಳಿಗ್ಗೆಯೇ ಬಂದು ಮತ್ತೆ ಕಟ್ಟಿ ಕೆಳಗೆ ಲೋಟ ಇಟ್ಟಿದ್ದಾಳೆ. ಗಂಟಿನ ಒಂದು ಎಳೆ ಈಗ ಸಡಿಲವಾಯಿತು, ಹಲ್ಲಿನಲ್ಲಿ ಕಚ್ಚಿ ಎಳೆದೆ, ಬಾಯಲ್ಲಿ ಚೆಂಡುಹೂವಿನ ಕಹಿ, ಬಾಗಿಲಲ್ಲಿ ಹುಡುಗಿಯ ಕಡೆಯವರು, ರೇಷ್ಮೆ ಸೀರೆಯ ಹೆಂಗಸೊಬ್ಬಳು ಮೂಗು ಮುಚ್ಚಿಕೊಂಡಿದ್ದಾಳೆ, ನಿಂಬೆಹಣ್ಣಿಗೆ ಮೂಗು ಮುಚ್ಚುವವರನ್ನು ನಾನು ಇವತ್ತೇ ನೋಡಿದ್ದು.

ಯಶೋದಾ ಕೆ., ಗುರುರಾಜ್ ಕರೆದರು, ಕೊನೆಯ ಹೆಸರು, ಅವರ ಒಂದು ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಅವಳು ಹತ್ತಿದಳು. ಅಂತ್ಯಬಿಂದು ಅಂದರೇನಮ್ಮ. ಮಾಡಿ ತೋರುಸ್ತೀನಿ ಸರ್, ಅಂದಳು, ಕಂಬದ ಕಡೆ ತಿರುಗಿದಳು, ನೋಡಿದಳು, ಕಂಬದ ಬಳಿ ನಾನು, ನನ್ನ ಹಲ್ಲಿನಲ್ಲಿ ಅವಳ ದಾರ. ದಾರ ಉಗಿದೆ. ಮುರುಗಪ್ಪ ಓಡಿಬಂದರು, ಏ ತಾಯಿ, ಹುಡುಗಿ ಕಡೇರು ಬಾಗ್ಲಾಗೆ ನಿಂತಾರೆ, ಅದೆಲ್ಲ ಬ್ಯಾಡ, ಬಾಯಾಗೆ ಹೇಳಿ ಇಳಿ. ಬಾಯಾಗೆ ಹೇಳಾಕೆ ಹನುಮೇಶನಿಗೂ ಬರುತ್ತೆ ಸರ್, ಅಂದಳು, ಏಯ್ ನನಗೆ ಬರಲ್ಲಮ್ಮ, ಅಂದ ಹನುಮೇಶ ಹಿಂದಿನ ಸಾಲಿನಿಂದ, ನಗು ಎದ್ದಿತು, ಗುರುರಾಜ್ ಕೂಡ ನಕ್ಕರು, ಎಂಥ ಉದಾರ ನಗು, ಮದುಮಗನ ಕುರ್ಚಿಯ ಚಿನ್ನದ ಬಣ್ಣದ ಸಿಂಹದ ತಲೆ ಸವರಿದರು, ಆಯ್ತಮ್ಮ, ನೀನು ಹುಷಾರಿದೀಯ ಅಂತ ಗೊತ್ತಾಯ್ತು, ನಿನಗೆ ಮಾತ್ರ ನಲವತ್ತಕ್ಕೆ ನಲವತ್ತು, ಸಂತೋಷನಾ, ಹೋಗು. ಎರಡು ಮಾರ್ಕಿನ ಪ್ರಾಮಾಣಿಕತೆಯನ್ನೂ ಕೊಟ್ಟುಬಿಟ್ಟ ಪುಣ್ಯಾತ್ಮ. ಅವಳು ಹೋಗಲಿಲ್ಲ. ಕುಂತ್ಕ ಹೋಗವ್ವ, ಅಂದರು ಮುರುಗಪ್ಪ. ಅವಳು ನನ್ನನ್ನು ನೋಡುತ್ತಿದ್ದಾಳೆ, ನನ್ನನ್ನಲ್ಲ, ನನ್ನ ಕೈಯನ್ನು, ಏನಾದರೂ ಹೇಳು ಕಲ್ಲೇಶ, ಎರಡು ನಿಮಿಷ ಕೊಡಿ ಸರ್ ಅನ್ನು, ಲೋಟ ಇಲ್ಲೇ ಇದೆ, ನೀರು ಇನ್ನೂ ಕೆಂಪಗಿದೆ, ಮದುವೆ ನಾಳೆ, ಕಂಬ ಸಾಯುವುದಿಲ್ಲ, ನಾಲಗೆಯ ಮೇಲೆ ಕಹಿ, ಬಾಯಿ ತೆರೆದೆ, ಬಂದದ್ದು ಇದು, ತಗೋ ಯಶೋದಾ, ನಲವತ್ತು ಯಾರಿಗೂ ಕೊಟ್ಟಿಲ್ಲ, ತಗೋ. ಗಂಟು ಪೂರ್ತಿ ಬಿಚ್ಚಿಕೊಂಡಿತು, ಬಾಟಲಿ ಎದೆಗೆ ಬಂದು ಬಡಿಯಿತು, ಕೊಳವೆ ಕೈಯಲ್ಲಿ ಉಳಿಯಿತು, ಲೋಟದ ಮೇಲೆ, ಕೆಂಪಿನ ಮೇಲೆ, ತುದಿಯಲ್ಲಿ ಹನಿ, ದಪ್ಪಗಾಗುತ್ತದೆ, ನಿಲ್ಲುತ್ತದೆ, ನಡುಗುತ್ತಿರುವುದು ಯಾರ ಕೈ — ಬ್ಯಾಡ ಸರ್, ಅಂದಳು. ಏನಮ್ಮ, ಅಂದರು ಗುರುರಾಜ್. ನಲವತ್ತೂ ಬ್ಯಾಡ, ಮೂವತ್ತೆಂಟೂ ಬ್ಯಾಡ, ಮಾಡಿದ್ದಕ್ಕೆ ಎಷ್ಟೋ ಅಷ್ಟು ಕೊಡಿ — ಹನಿ, ತುದಿಯಲ್ಲಿ, ಬೀಳುವುದಿಲ್ಲ, ಹನಿ