ಹದಿನೈದರ ಬ್ಲೇಡಿನ ಮೇಲಿನ ಬೊಟ್ಟು

ನಾನು ಒಂದು ಫೀಲರ್ ಗೇಜ್. ಹೆಸರು ಕೇಳಿ ಹುಬ್ಬೇರಿಸಬೇಡಿ. ನನ್ನನ್ನು ನೋಡಿದವರಿಗಿಂತ ನೋಡದವರೇ ಹೆಚ್ಚು. ಬೆರಳುದ್ದದ ಒಂದು ಉಕ್ಕಿನ ಕವಚ, ಅದರೊಳಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಇಪ್ಪತ್ತು ತೆಳು ಬ್ಲೇಡುಗಳು, ಒಂದೊಂದರ ಮೇಲೂ ಒಂದೊಂದು ಅಂಕಿ. ಇಷ್ಟೇ ನಾನು. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲಿಗೆ ಮೆಕ್ಯಾನಿಕ್‌ಗಳು ‘ಥೌ’ ಎನ್ನುತ್ತಾರೆ. ಎಂಜಿನ್ನಿನೊಳಗಿನ ಒಂದು ಸಂದಿ ಎಷ್ಟು ಥೌ ಇದೆ ಎಂದು ಹೇಳುವುದು ನನ್ನ ಕೆಲಸ. ‘ಹೆಚ್ಚು ಕಡಿಮೆ ಸರಿಯಾಗಿದೆ’ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ.

ಹುಟ್ಟಿದ ಕಾರ್ಖಾನೆಯ ನೆನಪು ಅಷ್ಟಾಗಿ ಇಲ್ಲ. ಉಜ್ಜಿದರು, ಅಳೆದರು, ಎಣ್ಣೆ ಸವರಿ ಮೇಣದ ಕಾಗದದಲ್ಲಿ ಸುತ್ತಿದರು. ಕಾಗದ ಬಿಚ್ಚಿದ್ದು ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ. ಅಲ್ಲಿಂದ ನನ್ನನ್ನು ಕೊಂಡವರು ಬಿ.ಎಚ್. ರಸ್ತೆಯಲ್ಲಿ ಗ್ಯಾರೇಜು ನಡೆಸುತ್ತಿದ್ದ ಬಷೀರ್ ಸಾಬರು. ಅವರ ಹೆಗಲ ಮೇಲೆ ಸದಾ ಒಂದು ಚೌಕಳಿ ಬಟ್ಟೆಯ ತುಂಡು. ಅಳೆಯುವ ಮುಂಚೆ ನನ್ನನ್ನು ಅದರಲ್ಲಿ ಒರೆಸದೆ ಅವರು ಒಂದು ದಿನವೂ ಎಂಜಿನ್ನಿಗೆ ಮುಟ್ಟಿಸಲಿಲ್ಲ. ಆಯುಧಪೂಜೆಯ ದಿನ ಗ್ಯಾರೇಜಿನ ಕೆಲಸಗಾರರು ಸ್ಪ್ಯಾನರಿನಿಂದ ಹಿಡಿದು ಜ್ಯಾಕಿನವರೆಗೆ ಎಲ್ಲಕ್ಕೂ ಗಂಧ ಕುಂಕುಮ ಹಚ್ಚುತ್ತಿದ್ದರು. ಸಾಬರು ಮಾತ್ರ ನನ್ನ ಬ್ಲೇಡುಗಳನ್ನು ಮಡಚಿ ಕವಚ ಮುಚ್ಚಿ ಮುಂದಿಡುತ್ತಿದ್ದರು. ಬೊಟ್ಟು ಕವಚದ ಮೇಲೆ ಬೀಳುತ್ತಿತ್ತು. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಗ್ಯಾರೇಜಿಗೆ ಒಂದು ದಿನ ಷಡಕ್ಷರಿ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು. ಎರಡೇ ಸೀಟಿನ, ತಲೆಯ ಮೇಲೆ ಚಾವಣಿಯಿಲ್ಲದ, ಕೆಂಪು ಬಣ್ಣ ಉದುರಿದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಲಾರಿಯ ಮೇಲೆ ಹೇರಿಕೊಂಡು ತಂದಿದ್ದರು. ಅದಕ್ಕೆ ಜೀವ ಬರಿಸಲು ಇಬ್ಬರಿಗೂ ಎರಡು ವರ್ಷ ಹಿಡಿಯಿತು. ಆಮೇಲೂ ಭಾನುವಾರಗಳೆಲ್ಲ ಅದರ ಬಾನೆಟ್ಟಿನ ಕೆಳಗೇ ಕಳೆದವು. ಒಬ್ಬರು ಪಾಠ ಹೇಳುವುದು, ಇನ್ನೊಬ್ಬರು ಕಲಿಯುವುದು. ಆದರೆ ಇಲ್ಲಿ ಕಲಿಯುತ್ತಿದ್ದವರು ಮೇಷ್ಟ್ರು.

“ಗಾಡಿ ನಿಂತ್ರೆ ಮೊದ್ಲು ಸುಲಭದ್ದು ನೋಡಿ ಸಾರ್,” ಎನ್ನುತ್ತಿದ್ದರು ಸಾಬರು. “ಬ್ಯಾಟರಿ ಟರ್ಮಿನಲ್ ಸಡಿಲ ಆಗಿದ್ಯಾ, ಪೆಟ್ರೋಲ್ ಬರ್ತಿದ್ಯಾ, ಪ್ಲಗ್ಗಲ್ಲಿ ಕಿಡಿ ಇದ್ಯಾ. ಒಂದ್ಸಲಕ್ಕೆ ಒಂದೇ ಸ್ಕ್ರೂ ಮುಟ್ಟಿ. ಎರಡು ಮುಟ್ಟಿದ್ರೆ ಯಾವುದರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ.”

ಮೇಷ್ಟ್ರು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹೀಗೆ ಹನ್ನೊಂದು ವರ್ಷ. ಸಾಬರಿಗೆ ಮೊಣಕಾಲು ನೋವು ಹೆಚ್ಚಾಗಿ ಗ್ಯಾರೇಜು ಮುಚ್ಚಿದಾಗ ನನ್ನನ್ನು ಮೇಷ್ಟ್ರ ಕೈಗಿಟ್ಟು, “ಇನ್ನು ನೀವೇ ನೋಡ್ಕೊಳ್ಳಿ” ಎಂದರು. ಚೌಕಳಿ ಬಟ್ಟೆ ಅವರ ಹೆಗಲಿನಲ್ಲೇ ಉಳಿಯಿತು.

ಆ ವರ್ಷದ ಆಯುಧಪೂಜೆ ಮೇಷ್ಟ್ರ ಮನೆಯಲ್ಲಿ. ಪೂಜೆ ಮಾಡಿದವರು ಅವರ ಹೆಂಡತಿ ವಿಮಲಾಕ್ಷಿ. ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಾಡುವ ಕೆಲಸ ಯಾವುದಾದರೂ ಅಚ್ಚುಕಟ್ಟು. ಮಣೆಯ ಮೇಲೆ ನನ್ನ ಬ್ಲೇಡುಗಳನ್ನು ನವಿಲಿನ ಗರಿಯಂತೆ ಬಿಚ್ಚಿಟ್ಟು, ಎದ್ದು ಕಾಣುತ್ತಿದ್ದ ಹದಿನೈದರ ಬ್ಲೇಡಿನ ತುದಿಗೆ ದಪ್ಪಗೆ ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟರು. ಇಷ್ಟು ಅಕ್ಕರೆ ನನಗೆ ಯಾರೂ ತೋರಿಸಿರಲಿಲ್ಲ. ನಾನು ಉಬ್ಬಿಹೋದೆ. ನಾಲ್ಕು ಥೌ ಉಬ್ಬಿದ್ದೆ ಎಂದು ಆಗ ಹೊಳೆಯಲಿಲ್ಲ.

ಹಬ್ಬ ಕಳೆದ ವಾರ ಮೇಷ್ಟ್ರು ಕಾರಿನ ಸಿ.ಬಿ. ಪಾಯಿಂಟ್ ಹೊಂದಿಸಲು ಕೂತರು. ಎಂಜಿನ್ನಿಗೆ ಕಿಡಿ ಒದಗಿಸುವ ಡಿಸ್ಟ್ರಿಬ್ಯೂಟರಿನೊಳಗೆ ಕೂಡಿ ಬಿಡುವ ಎರಡು ಪುಟ್ಟ ತುಟಿಗಳವು. ಅವುಗಳ ನಡುವೆ ಹದಿನೈದು ಥೌ ಸಂದಿ ಇರಬೇಕು. ಮೇಷ್ಟ್ರು ನನ್ನ ಮೇಲಿನ ಬೊಟ್ಟು ನೋಡಿದರು. ಒಣಗಿ ಗಾರೆಯಂತೆ ಕೂತಿತ್ತು. ಪೂಜೆಯ ಕುಂಕುಮವನ್ನು ಕೈಯಾರೆ ಒರೆಸಬಾರದು, ಅದಾಗಿಯೇ ಹೋಗಬೇಕು ಎಂಬುದು ಅವರ ಮನೆಯ ರೂಢಿ. ಬೊಟ್ಟನ್ನು ಬಿಟ್ಟು ಸುತ್ತಲೂ ಜೋಪಾನವಾಗಿ ಒರೆಸಿ, ನನ್ನನ್ನು ಸಂದಿಯೊಳಗೆ ತೂರಿಸಿದರು. ಅಳತೆಯಲ್ಲಿ ನುಸುಳುವ ದೋಷಗಳ ಪಾಠವನ್ನು ಇಪ್ಪತ್ತೈದು ವರ್ಷ ಮಾಡಿದ ಮನುಷ್ಯ. ನನಗೆ ಬಾಯಿದ್ದಿದ್ದರೆ ಅಲ್ಲೇ ಕೂಗುತ್ತಿದ್ದೆ.

ಕಾರು ಸ್ಟಾರ್ಟ್ ಆಯಿತು, ಊರೊಳಗೆ ಓಡಿತು. ದೇವರಾಯನದುರ್ಗದ ಏರಿನಲ್ಲಿ ಮಾತ್ರ ಮಿಸ್ಸಿಂಗ್ ಹೊಡೆದು, ಕೆಮ್ಮಿ, ಮೂರನೇ ತಿರುವಿನಲ್ಲಿ ನಿಂತುಬಿಟ್ಟಿತು. ಮೇಷ್ಟ್ರು ಪ್ಲಗ್ ಬದಲಾಯಿಸಿದರು. ಕಂಡೆನ್ಸರ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು, ಪಾಯಿಂಟನ್ನೂ ಹೊಸದು ಹಾಕಿದರು. ಪ್ರತಿ ಸಲವೂ ಸಂದಿ ಅಳೆದವನು ನಾನೇ, ಪ್ರತಿ ಸಲವೂ ಸುಳ್ಳು ಹೇಳಿದವನೂ ನಾನೇ. ಎರಡು ತಿಂಗಳಾದ ಮೇಲೆ ಅವರ ಸಿಟ್ಟು ತಿರುಗಬಾರದ ಕಡೆಗೆ ತಿರುಗಿತು. ಸಾಬರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಬಾನೆಟ್ಟಿನ ಮೇಲಿಟ್ಟರು. ನಾನು ಅದರ ಪಕ್ಕದಲ್ಲಿದ್ದೆ.

“ನೀವು ಹಾಕಿಕೊಟ್ಟ ಡಿಸ್ಟ್ರಿಬ್ಯೂಟರೇ ಸರಿಯಿಲ್ಲ ಸಾಬ್ರೇ. ಸವೆದಿರೋದನ್ನ ನನ್ನ ತಲೆಗೆ ಕಟ್ಟಿದ್ರಿ.”

“ಹನ್ನೊಂದು ವರ್ಷ ಆದ್ಮೇಲೆ ಈ ಮಾತಾ ಸಾರ್,” ಎಂದರು ಸಾಬರು. “ಆಯ್ತು ಬಿಡಿ.” ಫೋನು ಕಟ್ಟಾಯಿತು.

ಆಮೇಲೆ ಅವರು ಈ ಕಡೆ ಬರಲಿಲ್ಲ, ಇವರು ಆ ಕಡೆ ಹೋಗಲಿಲ್ಲ. ಮೇಷ್ಟ್ರಿಗೆ ಕಾರಿನ ಮುಖ ನೋಡುವುದೇ ಬೇಡವಾಯಿತು. ಬೆಂಗಳೂರಿನವರೊಬ್ಬರಿಗೆ ಮಾರುವ ಮಾತಾಯಿತು. ಭಾನುವಾರ ಬಂದು ಒಯ್ಯುತ್ತಾರೆ. ಕಾರು ಹೋದರೆ ಆ ಇಬ್ಬರಿಗೂ ಮತ್ತೆ ಮಾತಾಡಲು ನೆಪವೇ ಉಳಿಯುತ್ತಿರಲಿಲ್ಲ. ಮಾಡಿದವನು ನಾನು.

ಶನಿವಾರ ಮಧ್ಯಾಹ್ನ ಮೇಷ್ಟ್ರು ಕಾರು ತೊಳೆಯುತ್ತಿದ್ದಾಗ ವಿಮಲಾಕ್ಷಿ ಮಜ್ಜಿಗೆ ತಂದರು.

“ರೀ, ಏನೇನು ಬದಲಾಯಿಸಿದ್ರಿ ಇದುವರೆಗೂ?”

ಮೇಷ್ಟ್ರು ಪಟ್ಟಿ ಒಪ್ಪಿಸಿದರು.

“ಬದಲಾಯಿಸದೇ ಇರೋದು?”

“ಇನ್ನೇನೂ ಉಳಿದಿಲ್ಲ ವಿಮಲ.”

“ಇದು?” ಅವರು ಮಡ್‌ಗಾರ್ಡಿನ ಮೇಲಿದ್ದ ನನ್ನನ್ನು ಎತ್ತಿಕೊಂಡರು. “ನಮ್ಮ ಫ್ಯಾಕ್ಟ್ರೀಲಿ ಪೀಸು ರಿಜೆಕ್ಟ್ ಆದ್ರೆ ಮೊದ್ಲು ಗೇಜ್ ನೋಡ್ತಿದ್ವಿ.”

ಒಂದೊಂದೇ ಬ್ಲೇಡು ಬಿಚ್ಚುತ್ತಾ ಬಂದವರು ಹದಿನೈದಕ್ಕೆ ನಿಂತರು. ಉಗುರಿನಿಂದ ಬೊಟ್ಟನ್ನು ಮೆಲ್ಲಗೆ ಕೆರೆದು ನೋಡಿದರು. ತಾವೇ ಇಟ್ಟದ್ದು. ಅವರ ಮುಖ ಬಾಡಿತು. ನನ್ನನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದರು.

“ಈಗ ಅಳೀರಿ.”

ಹದಿನೈದರ ಬ್ಲೇಡು ಸಂದಿಯಲ್ಲಿ ಲೊಡಲೊಡ ಓಡಾಡಿತು. ಹದಿನಾರು, ಹದಿನೇಳು, ಹದಿನೆಂಟೂ ಸಡಿಲ. ಹತ್ತೊಂಬತ್ತು ಬಿಗಿಯಾಗಿ ಕೂತಿತು. ಮೇಷ್ಟ್ರು ಒದ್ದೆ ನೆಲದ ಮೇಲೇ ಕೂತುಬಿಟ್ಟರು.

“ಪಾಪ, ಆ ಮನುಷ್ಯನಿಗೆ ಏನಂದುಬಿಟ್ಟೆ ನಾನು,” ಎಂದರು.

ಒಂದೇ ಸ್ಕ್ರೂ ತಿರುಗಿಸಿ ಸಂದಿ ಸರಿಮಾಡಿದರು. ಕಾರು ಹೊರಡಿಸಿದಾಗ ವಿಮಲಾಕ್ಷಿ ಹತ್ತಲಿಲ್ಲ. “ಇರೋದು ಎರಡೇ ಸೀಟು. ಮೊದ್ಲು ಅವರನ್ನ ಕೂರಿಸ್ಕೊಂಡು ಬನ್ನಿ” ಎಂದರು. ನಾನು ಮೇಷ್ಟ್ರ ಜೇಬಿನಲ್ಲಿದ್ದೆ.

ಸಾಬರು ಮರಳೂರಿನ ತಮ್ಮ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಎಂಜಿನ್ನಿನ ಸದ್ದಿಗೆ ತಲೆಯೆತ್ತಿದವರು ಮೇಷ್ಟ್ರನ್ನು ಕಂಡು ಮುಖ ತಿರುಗಿಸಿದರು. ಮೇಷ್ಟ್ರು ನನ್ನನ್ನು ಬಿಚ್ಚಿ ಅವರ ಮುಂದೆ ಹಿಡಿದರು. ಹದಿನೈದರ ಮೇಲೆ ಬೊಟ್ಟಿನ ಮಂಕು ಗುರುತು ಹಾಗೇ ಇತ್ತು. ಸಾಬರಿಗೆ ಹೇಳಬೇಕಾಗಲಿಲ್ಲ.

“ತಪ್ಪು ನಂದು ಸಾಬ್ರೇ. ನಿಮ್ಮ ಕೈ ಕೆಲಸಕ್ಕೆ ಹೆಸರಿಟ್ಟೆ.”

ಸಾಬರು ಹೆಬ್ಬೆರಳಿನಿಂದ ಆ ಗುರುತನ್ನು ಸವರಿದರು. “ನಂದೂ ಇದೆ ಸಾರ್. ಗೇಜ್ ಕೊಟ್ಟೆ, ಒರೆಸೋದನ್ನ ಕೊಡ್ಲಿಲ್ಲ.” ಹೆಗಲಿನ ಚೌಕಳಿ ಬಟ್ಟೆ ತೆಗೆದು, ಅದರಲ್ಲೊಂದು ಪಟ್ಟಿ ಹರಿದು, ನನಗೆ ಸುತ್ತಿ ಕೊಟ್ಟರು. ಆಮೇಲೆ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕಾರಿನೊಳಗೆ ಇಳಿದರು. ದುರ್ಗದ ಏರನ್ನು ಕಾರು ಒಂದು ಸಲವೂ ಕೆಮ್ಮದೆ ಹತ್ತಿತು. ಭಾನುವಾರ ಬಂದ ಬೆಂಗಳೂರಿನವರು ಕಾಫಿ ಕುಡಿದು ವಾಪಸು ಹೋದರು.

ಇದೆಲ್ಲ ಹಳೆಯ ಮಾತು. ಈಗಿನ ಕಾರುಗಳಲ್ಲಿ ಸಿ.ಬಿ. ಪಾಯಿಂಟೇ ಇಲ್ಲ, ನನ್ನನ್ನು ಕೇಳುವವರೂ ಇಲ್ಲ. ಬಷೀರ್ ಸಾಬರು ಹೋಗಿ ಮೂರು ವರ್ಷವಾಯಿತು. ಮೇಷ್ಟ್ರಿಗೆ ನನ್ನ ಅಂಕಿಗಳು ಕಾಣುವುದಿಲ್ಲ. ವಿಮಲಾಕ್ಷಿ ಓದಿ ಹೇಳುತ್ತಾರೆ. ಆಯುಧಪೂಜೆಯ ಬೊಟ್ಟು ಈಗ ಕವಚದ ಮೇಲೆ. ಉಳಿದ ದಿನ ಕಪಾಟಿನ ಮೂಲೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತೇನೆ. ಆ ಬಟ್ಟೆ ತೊಳೆದೂ ತೊಳೆದೂ ಜಾಳಾಗಿದೆ, ಚೌಕಳಿ ಮಾಸಿದೆ. ಹೊಸ ಬಟ್ಟೆ ಕೊಡ್ತೀನಿ ಎಂದು ವಿಮಲಾಕ್ಷಿ ಅಂದಾಗಲೆಲ್ಲ ಮೇಷ್ಟ್ರು ಕೇಳಿಸದವರ ಹಾಗೆ ನನ್ನನ್ನು ಅದರಲ್ಲೇ ಸುತ್ತಿಡುತ್ತಾರೆ.